ಸಹಿ ಹಾಕಿ ಆಯ್ತು, ಈಗ ಬೇಡ ಅನ್ನಬಹುದಾ?

ಪ್ರಶ್ನೆ: ಸರ್, ನಾವು ಕಾಸರಗೋಡಿನ ಬದಿಯಡ್ಕ ಹತ್ತಿರದವರು. ಮಂಗಳೂರಿನ ಮಾಲ್ ಒಂದರಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿದ್ದೆವು. ಆಮೇಲೆ ಫೋನ್ ಬಂತು. ಗಿಫ್ಟ್ ಇದೆ, ಗಂಡ ಹೆಂಡತಿ ಇಬ್ಬರೂ ಬರಬೇಕು ಅಂದರು. ಭಾನುವಾರ ಹೋದೆವು. ಹೋಟೆಲಿನ ಹಾಲ್‌ನಲ್ಲಿ ಮೂರು ಗಂಟೆ ಕೂರಿಸಿ ರೆಸಾರ್ಟ್ ಮೆಂಬರ್‌ಶಿಪ್ ಬಗ್ಗೆ ಹೇಳಿದರು. ಹತ್ತು ವರ್ಷಕ್ಕೆ 1,80,000 ರೂಪಾಯಿ. ಇವತ್ತೇ ಸೇರಿದರೆ ಮಾತ್ರ ಈ ರೇಟು ಅಂತ ಒತ್ತಾಯ ಮಾಡಿದರು. 30,000 ಕಾರ್ಡಿನಲ್ಲಿ ಕಟ್ಟಿದೆವು. ಉಳಿದ 1,50,000ಕ್ಕೆ ಅಲ್ಲೇ ಯಜಮಾನರ ಫೋನಿನಲ್ಲಿ ಒಟಿಪಿ ಹಾಕಿಸಿ ಸಾಲ ಮಾಡಿಸಿದರು. ಸಹಿ ಹಾಕಿದ ಎರಡು ಚೆಕ್ ಕೂಡ ತಗೊಂಡಿದ್ದಾರೆ. ಮನೆಗೆ ಬಂದು ನೋಡಿದರೆ ವರ್ಷ ವರ್ಷ ಮೇಂಟೆನೆನ್ಸ್ ಬೇರೆ ಕಟ್ಟಬೇಕಂತೆ, ಅದನ್ನು ಹೇಳಿಯೇ ಇರಲಿಲ್ಲ. ಸೋಮವಾರ ಫೋನ್ ಮಾಡಿದರೆ 'ಸಹಿ ಆದ ಮೇಲೆ ಕ್ಯಾನ್ಸಲ್ ಇಲ್ಲ ಮೇಡಂ' ಅಂದರು. ಯಾವ ಒಪ್ಪಂದವಾದರೂ 7 ದಿನದೊಳಗೆ ರದ್ದು ಮಾಡಬಹುದು ಅಂತ ವಾಟ್ಸಾಪಿನಲ್ಲಿ ಬಂದಿತ್ತು, ನಿಜವಾ? ಕಂಪನಿಯ ಆಫೀಸು ಬೆಂಗಳೂರಿನಲ್ಲಿ, ಕಾಗದ ಪೂರ್ತಿ ಇಂಗ್ಲಿಷ್, ನಾವು ಕೇರಳದವರು. ಕೇಸು ಹಾಕುವುದಾದರೆ ಎಲ್ಲಿ? ಕಾಗದದ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ನೀವು ಕಳಿಸಿದ ಫೋಟೋಗಳಲ್ಲಿ ಆರನೇ ಪುಟದ ಕೊನೆಗೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ 14ನೇ ಕಲಂ ಇದೆ. ಸಹಿ ಹಾಕಿದ ದಿನದಿಂದ 10 ದಿನದೊಳಗೆ ಬರೆದು ತಿಳಿಸಿದರೆ ಸದಸ್ಯತ್ವ ರದ್ದು ಮಾಡುತ್ತೇವೆ, ಆಡಳಿತ ವೆಚ್ಚ ಕಳೆದು ಉಳಿದ ಹಣ ವಾಪಸ್ ಕೊಡುತ್ತೇವೆ ಅಂತ ಅವರೇ ಅಲ್ಲಿ ಬರೆದಿದ್ದಾರೆ. ಅಂದರೆ ಫೋನಿನಲ್ಲಿ 'ಕ್ಯಾನ್ಸಲ್ ಇಲ್ಲ' ಅಂದವರು ತಮ್ಮದೇ ಕಾಗದಕ್ಕೆ ವಿರುದ್ಧ ಮಾತಾಡಿದ್ದಾರೆ. ಭಾನುವಾರ ಸಹಿ ಆಗಿದೆ, ಇವತ್ತು ಗುರುವಾರ. ದಿನ ಇನ್ನೂ ಇದೆ, ಆದರೆ ಕಾಯಬೇಡಿ. ಇವತ್ತು ರಾತ್ರಿಯೇ ಇಮೇಲ್ ಹೋಗಲಿ, ನಾಳೆ ಬೆಳಗ್ಗೆ ಪೋಸ್ಟಾಫೀಸು ತೆರೆಯುವಾಗ ಅದೇ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ಸೋಮವಾರ ನೀವು ಮಾಡಿದ ಫೋನ್ ಲೆಕ್ಕಕ್ಕೆ ಬರುವುದು ಕಷ್ಟ. ಕಲಂನಲ್ಲಿ ಲಿಖಿತವಾಗಿ ಅಂತ ಇದೆ. ಇಂಥ ಕಡೆ ಜನ ಸೋಲುವುದು ಇದರಲ್ಲೇ: ಫೋನ್ ಮಾಡುತ್ತಾರೆ, 'ಮ್ಯಾನೇಜರ್ ಬರ್ತಾರೆ', 'ನಾಳೆ ಕಾಲ್ ಮಾಡ್ತೇವೆ', 'ನಿಮಗೆ ಬೇರೆ ಒಳ್ಳೆ ಪ್ಯಾಕೇಜ್ ಕೊಡ್ತೇವೆ' ಅಂತ ಆ ಕಡೆಯವರು ಎಳೆಯುತ್ತಾರೆ, ಹತ್ತು ದಿನ ದಾಟಿದ ಮೇಲೆ 'ಸಾರಿ, ಅವಧಿ ಮುಗಿಯಿತು' ಅನ್ನುವ ಮೆಸೇಜ್ ಬರುತ್ತದೆ. ಆದ್ದರಿಂದ ಇನ್ನು ಅವರು ಫೋನ್ ಮಾಡಿದರೆ ಒಂದೇ ಮಾತು ಹೇಳಿ: ಪತ್ರ ಕಳಿಸಿದ್ದೇವೆ, ಉತ್ತರ ಬರೆದು ಕೊಡಿ.

ಈಗ ವಾಟ್ಸಾಪಿನ ವಿಷಯ. ಅದು ನಿಜವಲ್ಲ. ಯಾವ ಒಪ್ಪಂದವನ್ನಾದರೂ ಇಷ್ಟು ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು ಅನ್ನುವ ಸಾಮಾನ್ಯ ಹಕ್ಕು ನಮ್ಮ ದೇಶದಲ್ಲಿ ಇಲ್ಲ. ಏಳು ದಿನವೂ ಇಲ್ಲ, ಮೂರು ದಿನವೂ ಇಲ್ಲ. ಬೇರೆ ದೇಶಗಳಲ್ಲಿ ಇದೆ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಅಥವಾ ಮನೆಬಾಗಿಲಲ್ಲಿ ಕೊಂಡ ಹೆಚ್ಚಿನ ವಸ್ತುಗಳಿಗೆ 14 ದಿನ ಇದೆ. ಅಮೆರಿಕದಲ್ಲಿ ಮನೆಗೆ ಬಂದು ಮಾರಿದ್ದಕ್ಕೆ, ಹೋಟೆಲ್ ಹಾಲ್‌ನಂಥ ತಾತ್ಕಾಲಿಕ ಜಾಗದಲ್ಲಿ ಮಾರಿದ್ದಕ್ಕೆ, ಕೆಲವು ಷರತ್ತುಗಳ ಮೇಲೆ 3 ಕೆಲಸದ ದಿನ ಇದೆ. ನಿಮಗೆ ಆದದ್ದು ಹೋಟೆಲ್ ಹಾಲ್‌ನಲ್ಲೇ, ಅಲ್ವಾ? ಮೂರು ಗಂಟೆ ಎಸಿ ಹಾಲ್‌ನಲ್ಲಿ ಕೂತು, ಎದುರಿಗೆ ಮೂರು ಜನ ನಗುತ್ತಾ ಮಾತಾಡುವಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಹಿ ಹಾಕುವುದು ತಪ್ಪಲ್ಲ, ಆ ಕೋಣೆಯನ್ನು ಸಿದ್ಧ ಮಾಡಿರುವುದೇ ಅದಕ್ಕೆ. ನಮ್ಮಲ್ಲೂ ಅಂಥ ಕಾನೂನು ಬರಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಬರುವ ತನಕ ಈಗ ಇರುವುದರಲ್ಲೇ ದಾರಿ ಹುಡುಕಬೇಕು.

ಇರುವುದು ಎರಡು ಬಗೆ. ಒಂದು, ಕೆಲವು ವ್ಯವಹಾರಗಳಿಗೆ ಮಾತ್ರ ಕಾನೂನೋ ಒಪ್ಪಂದವೋ ಕೊಟ್ಟ ಅವಧಿ. ಅದರೊಳಗೆ ಬೇಡ ಅಂದರೆ ಸಾಕು, ಯಾಕೆ ಅಂತ ಹೇಳಬೇಕಾಗಿಲ್ಲ. ಇನ್ನೊಂದು, ಅವಧಿ ಇಲ್ಲದಿದ್ದರೂ ಕಾರಣ ತೋರಿಸಿ ಹೊರಗೆ ಬರುವುದು: ಸುಳ್ಳು ಹೇಳಿ ಸಹಿ ಹಾಕಿಸಿದರು, ಮುಚ್ಚಿಟ್ಟರು, ಹೇಳಿದ ಸೇವೆ ಕೊಡಲಿಲ್ಲ, ಹೀಗೆ. ಮೊದಲನೆಯದು ಸುಲಭ, ಎರಡನೆಯದು ಸಾಕ್ಷಿ ಬೇಕಾಗುವ ದಾರಿ. ನಿಮಗೆ ಎರಡೂ ಇವೆ. ಪತ್ರದಲ್ಲಿ ಎರಡನ್ನೂ ಬರೆಯಬೇಕು.

ನಿಮ್ಮ ಸಾಲದ ವಿಷಯ ಬೇರೆಯೇ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ರೆಸಾರ್ಟ್ ಕಂಪನಿಯ ಜೊತೆ ಒಂದು ಒಪ್ಪಂದ, ಸಾಲ ಕೊಟ್ಟ ಕಂಪನಿಯ ಜೊತೆ ಇನ್ನೊಂದು ಒಪ್ಪಂದ. ಒಂದು ರದ್ದಾದರೆ ಇನ್ನೊಂದು ತಾನಾಗಿ ರದ್ದಾಗುವುದಿಲ್ಲ. 1,50,000 ರೂಪಾಯಿ ಸಾಲದ ಕಂಪನಿಯಿಂದ ನೇರವಾಗಿ ರೆಸಾರ್ಟಿನವರಿಗೆ ಹೋಗಿದೆ, ಕಂತು ಮಾತ್ರ ನಿಮ್ಮ ಯಜಮಾನರ ಖಾತೆಯಿಂದ ಹೋಗುತ್ತದೆ. ಫೋನಿನಲ್ಲಿ ಒಟಿಪಿ ಹಾಕಿ ಪಡೆದ ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮ ಇದೆ. ಸಾಲ ಪಡೆದವರು ಹಿಂದೆ ಸರಿಯಲು ಒಂದು ಅವಧಿ ಕೊಡಲೇಬೇಕು. ಅದು ಕನಿಷ್ಠ ಒಂದು ದಿನ, ಕಂಪನಿ ಜಾಸ್ತಿ ಕೊಡಬಹುದು. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡ ಇಲ್ಲದೆ ಸಾಲ ಮುಚ್ಚುತ್ತದೆ, ಕಂಪನಿ ಮೊದಲೇ ತಿಳಿಸಿದ್ದರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಹಿಡಿದುಕೊಳ್ಳಬಹುದು ಅಷ್ಟೆ. ನಿಮ್ಮ ಸಾಲಕ್ಕೆ ಎಷ್ಟು ದಿನ ಅನ್ನುವುದು ಸಾಲದ ಮುಖ್ಯ ವಿವರ ಬರೆದಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಕಾಗದದಲ್ಲಿ ಇರಬೇಕು. ಯಜಮಾನರ ಇಮೇಲ್‌ನಲ್ಲಿ, ಮೆಸೇಜ್‌ನಲ್ಲಿ ಹುಡುಕಿ, ಭಾನುವಾರ ಸಂಜೆ ಬಂದಿರುತ್ತದೆ.

ಅದೇ ಕಾಗದದ ಬಗ್ಗೆ ಇನ್ನೊಂದು ಮಾತು ಇದೆ, ಗಡಿಯಲ್ಲಿ ಇರುವ ನಮಗೆ ಅದು ಮುಖ್ಯ. 2024ರ ಅಕ್ಟೋಬರ್ 1ರ ನಂತರ ಕೊಟ್ಟ ಚಿಲ್ಲರೆ ಸಾಲಗಳಿಗೆ ಈ ಸ್ಟೇಟ್‌ಮೆಂಟನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ವಿವರಿಸಬೇಕು, ಅರ್ಥವಾಗಿದೆ ಅಂತ ಒಪ್ಪಿಗೆ ಪಡೆಯಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕಾಸರಗೋಡಿನಲ್ಲಿ ಕನ್ನಡ ಓದುವವರಿಗೆ ಸಾಮಾನ್ಯವಾಗಿ ಮಲಯಾಳದ ಫಾರಂ ಅಥವಾ ಇಂಗ್ಲಿಷ್ ಫಾರಂ ಕೊಟ್ಟು 'ಇಲ್ಲಿ ಇಲ್ಲಿ ಸೈನ್ ಮಾಡಿ' ಅನ್ನುವುದೇ ರೂಢಿ. ಮುಂದೆ ಸಾಲ ತಗೊಳ್ಳುವಾಗ ಕನ್ನಡದ್ದು ಕೊಡಿ ಅಂತ ಕೇಳಿ, ಕೇಳುವುದು ನಿಮ್ಮ ಹಕ್ಕು. ಏಳು ದಿನ ಅಥವಾ ಜಾಸ್ತಿ ಅವಧಿಯ ಸಾಲವಾದರೆ ಆ ಸ್ಟೇಟ್‌ಮೆಂಟ್ ಕೊಟ್ಟ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅಂದರೆ ಒಪ್ಪಿಕೊಳ್ಳುವ ಮೊದಲು ಮನೆಗೆ ಒಯ್ದು, ಮಕ್ಕಳಿಗೋ ಮೇಷ್ಟ್ರಿಗೋ ತೋರಿಸಿ ಬರಬಹುದು. 'ಇವತ್ತೇ' ಅನ್ನುವ ಮಾತಿಗೆ ನಿಯಮದಲ್ಲಿ ಬೆಲೆ ಇಲ್ಲ.

ಸಾಲದ ಕಂಪನಿಗೂ ಇವತ್ತೇ ಬರೆಯಿರಿ. ಅವಧಿ ಉಳಿದಿದ್ದರೆ ಆ ನಿಯಮದ ಪ್ರಕಾರ ಹಿಂದೆ ಸರಿಯುತ್ತೇವೆ ಅಂತ ಬರೆಯಿರಿ. ಮುಗಿದಿದ್ದರೆ, ಸದಸ್ಯತ್ವ ರದ್ದು ಮಾಡಿದ್ದೇವೆ, ರೆಸಾರ್ಟ್ ಕಂಪನಿಯಿಂದ ಹಣ ವಾಪಸ್ ಪಡೆದು ಸಾಲ ಮುಚ್ಚಿ ಅಂತ ಬರೆಯಿರಿ. ಆದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಸಾಲ ಕಾಗದದಲ್ಲಿ ಮುಚ್ಚುವ ತನಕ ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ನಾಳೆ ಮಗಳ ಓದಿಗೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಅಗತ್ಯ ಬಿದ್ದರೆ ಒಂದು ಕಂತು 'ತಕರಾರು ಇಟ್ಟುಕೊಂಡು ಕಟ್ಟುತ್ತಿದ್ದೇನೆ' ಅಂತ ಇಮೇಲ್ ಹಾಕಿ ಕಟ್ಟಿ. ಸಾಲದ ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಖರ್ಚಿಲ್ಲ.

ಚೆಕ್‌ಗಳ ಬಗ್ಗೆ ಜಾಗ್ರತೆ ಬೇಕು. ಸುಮ್ನೆ ಬ್ಯಾಂಕಿಗೆ ಹೋಗಿ ಪೇಮೆಂಟ್ ನಿಲ್ಲಿಸಿ ಬಂದರೆ, ಅವರು ಚೆಕ್ ಹಾಕಿ ವಾಪಸ್ ಬಂದಾಗ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಚೆಕ್ ಬೌನ್ಸ್ ನೋಟಿಸ್ ಕಳಿಸಬಹುದು, ಪೇಮೆಂಟ್ ನಿಲ್ಲಿಸಿದ್ದಕ್ಕೂ ಆ ಕಲಂ ಅನ್ವಯವಾಗುತ್ತದೆ. ನಿಮ್ಮ ರಕ್ಷಣೆ ಏನೆಂದರೆ, ಚೆಕ್ ಹಾಕಿದ ದಿನ ಕೊಡಬೇಕಾದ ಸಾಲವೇ ಇರಲಿಲ್ಲ ಅಂತ ತೋರಿಸುವುದು. ಅದಕ್ಕೆ ರದ್ದತಿ ಪತ್ರ ಮೊದಲು ಹೋಗಿರಬೇಕು, ಅದರಲ್ಲಿ ಚೆಕ್ ನಂಬರ್ ಬರೆದು 'ಇವನ್ನು ವಾಪಸ್ ಕೊಡಿ, ಬ್ಯಾಂಕಿಗೆ ಹಾಕಬೇಡಿ' ಅಂತ ಇರಬೇಕು, ಆಮೇಲೆ ಪೇಮೆಂಟ್ ನಿಲ್ಲಿಸಬೇಕು. ಈ ಕ್ರಮ ತಪ್ಪಬಾರದು. ಒಂದು ವೇಳೆ ನೋಟಿಸ್ ಬಂದರೆ 15 ದಿನ ಕಳೆಯುವ ಮೊದಲು ವಕೀಲರ ಮೂಲಕ ಉತ್ತರ ಕೊಡಿ.

ಪತ್ರ ಹೀಗಿರಲಿ. ಕಂಪನಿ ಬೆಂಗಳೂರಿನದ್ದಾದರೂ ಇಂಗ್ಲಿಷ್‌ನಲ್ಲಿ ಬರೆಯುವುದು ಒಳ್ಳೆಯದು, ಮುಂದೆ ಎಲ್ಲಿ ಕೊಟ್ಟರೂ ಅನುವಾದ ಕೇಳುವುದಿಲ್ಲ. ವಿಷಯ ಇಷ್ಟು:

'ಇಂಥ ದಿನಾಂಕ ಭಾನುವಾರ ಮಂಗಳೂರಿನಲ್ಲಿ ಸಹಿ ಮಾಡಿದ ಇಂಥ ನಂಬರಿನ ಸದಸ್ಯತ್ವವನ್ನು, ಒಪ್ಪಂದದ 14ನೇ ಕಲಂ ಪ್ರಕಾರ, 10 ದಿನದ ಒಳಗೆ ಈ ಪತ್ರದ ಮೂಲಕ ರದ್ದು ಮಾಡಿದ್ದೇವೆ. ಯಾವ ಸೌಲಭ್ಯವನ್ನೂ ಬಳಸಿಲ್ಲ. ಅಲ್ಲದೆ, ಯಾವ ವರ್ಷ ಬೇಕಾದರೂ ಯಾವ ರಜೆಯಲ್ಲಿ ಬೇಕಾದರೂ ಕೋಣೆ ಸಿಗುತ್ತದೆ, ಬೇರೆ ಖರ್ಚಿಲ್ಲ ಅಂತ ನಿಮ್ಮ ಪ್ರತಿನಿಧಿ ಹೇಳಿದ್ದರು. ಒಪ್ಪಂದದಲ್ಲಿ ವರ್ಷದ ಮೇಂಟೆನೆನ್ಸ್ ಶುಲ್ಕ ಇದೆ, ದಸರಾ ಮತ್ತು ಬೇಸಿಗೆ ರಜೆಗೆ ಈ ಸದಸ್ಯತ್ವ ಅನ್ವಯಿಸುವುದಿಲ್ಲ. ಇದನ್ನು ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರಿಂದ ಆ ಕಾರಣಕ್ಕೂ ಒಪ್ಪಂದವನ್ನು ರದ್ದು ಮಾಡಿದ್ದೇವೆ. 30,000 ರೂಪಾಯಿಯನ್ನು ನಮಗೆ, 1,50,000 ರೂಪಾಯಿಯನ್ನು ಸಾಲದ ಕಂಪನಿಗೆ 15 ದಿನದೊಳಗೆ ವಾಪಸ್ ಕೊಡಿ. ಇಂಥ ನಂಬರಿನ ಎರಡು ಚೆಕ್ ವಾಪಸ್ ಕೊಡಿ. ನೀವು ಕೊಟ್ಟ ಗಿಫ್ಟ್ ವಾಪಸ್ ಕೊಡಲು ಸಿದ್ಧರಿದ್ದೇವೆ.'

ಮಧ್ಯದ ಆ ಭಾಗದಲ್ಲಿ ನಿಮಗೆ ನಿಜವಾಗಿ ಏನು ಹೇಳಿದ್ದರೋ ಅದನ್ನೇ ಬರೆಯಿರಿ. ರಜೆಯ ಮಾತು ನಾನು ಉದಾಹರಣೆಗೆ ಹಾಕಿದ್ದು. ಒಂದು ಅಕ್ಷರವೂ ಬಣ್ಣ ಹಚ್ಚಬೇಡಿ, ಮುಂದೆ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ. ಇವತ್ತೇ ಗಂಡ ಹೆಂಡತಿ ಕೂತು ಆ ಮೂರು ಗಂಟೆಯಲ್ಲಿ ಯಾರು ಏನು ಹೇಳಿದರು ಅಂತ ಪುಸ್ತಕದಲ್ಲಿ ಬರೆದಿಡಿ. ವಾರ ಕಳೆದರೆ ಮರೆತು ಹೋಗುತ್ತದೆ.

ಗಿಫ್ಟ್ ವಾಪಸ್ ಅಂದದ್ದು ಯಾಕೆಂದರೆ, 1872ರ ಕರಾರು ಕಾಯ್ದೆಯಲ್ಲಿ 64ನೇ ಕಲಂ ಅಂತ ಇದೆ. ಒಪ್ಪಂದ ರದ್ದು ಮಾಡಿದವರು ಅದರಿಂದ ಪಡೆದ ಲಾಭವನ್ನು ವಾಪಸ್ ಕೊಡಬೇಕು. ಕುಕ್ಕರ್ ಕೊಟ್ಟಿದ್ದರೆ ಡಬ್ಬ ಬಿಚ್ಚಬೇಡಿ. ಎರಡು ರಾತ್ರಿಯ ಫ್ರೀ ವೋಚರ್ ಕೊಟ್ಟಿದ್ದರೆ ಬಳಸಬೇಡಿ. ರದ್ದು ಮಾಡುವ ಕಾರಣ ಗೊತ್ತಾದ ಮೇಲೂ ನೀವು ಸೌಲಭ್ಯ ಬಳಸಿದರೆ ಒಪ್ಪಂದವನ್ನು ಒಪ್ಪಿಕೊಂಡಂತೆ ಅಂತ ಅವರ ವಕೀಲರು ವಾದ ಮಾಡುತ್ತಾರೆ, ಆ ವಾದಕ್ಕೆ ಬಲ ಇದೆ.

ಅದೇ ಕಾಯ್ದೆಯ 17, 18, 19ನೇ ಕಲಂಗಳು ನಿಮ್ಮ ಎರಡನೇ ದಾರಿ. ಮೋಸದಿಂದ ಅಥವಾ ತಪ್ಪು ಮಾಹಿತಿಯಿಂದ ಒಪ್ಪಿಗೆ ಪಡೆದಿದ್ದರೆ, ಮೋಸ ಹೋದವರು ಬಯಸಿದರೆ ಒಪ್ಪಂದ ರದ್ದು ಮಾಡಬಹುದು. ಇಲ್ಲಿ ಒಂದು ತೊಡಕು ಇದೆ, ಹೇಳದೆ ಇರಬಾರದು. ತಪ್ಪು ಮಾಹಿತಿ ಕೊಟ್ಟದ್ದು ಅಥವಾ ಸುಮ್ಮನಿದ್ದು ಮುಚ್ಚಿಟ್ಟದ್ದು ಮಾತ್ರ ಆದರೆ, ಸಾಮಾನ್ಯ ಎಚ್ಚರ ಇದ್ದಿದ್ದರೆ ನಿಜ ಗೊತ್ತಾಗುತ್ತಿತ್ತು ಅನ್ನುವ ಉತ್ತರ ಅವರಿಗೆ ಸಿಗುತ್ತದೆ. 'ಮೇಂಟೆನೆನ್ಸ್ ಶುಲ್ಕ ಕಾಗದದಲ್ಲೇ ಇತ್ತಲ್ಲ, ಓದಿ ಸಹಿ ಹಾಕಬೇಕಿತ್ತು' ಅನ್ನುತ್ತಾರೆ. ಬೇಕೆಂದೇ ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಆ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ 'ಹೇಳಿರಲಿಲ್ಲ' ಅನ್ನುವುದಕ್ಕಿಂತ 'ಬೇರೆ ಖರ್ಚಿಲ್ಲ ಅಂತ ಹೇಳಿದ್ದರು' ಅನ್ನುವುದು ತುಂಬಾ ದೊಡ್ಡ ಮಾತು. ನಿಮಗೆ ಯಾವುದು ಆಗಿದೆ ಅಂತ ಸರಿಯಾಗಿ ನೆನಪು ಮಾಡಿಕೊಳ್ಳಿ. ಅವರು ಕಳಿಸಿದ ವಾಟ್ಸಾಪ್ ಮೆಸೇಜ್, ಬ್ರೋಷರ್, ಹಾಲ್‌ನಲ್ಲಿ ಬಿಳಿ ಹಾಳೆಯಲ್ಲಿ ಪೆನ್ನಿನಿಂದ ಲೆಕ್ಕ ಹಾಕಿ ತೋರಿಸಿದ್ದರೆ ಆ ಹಾಳೆ, ಎಲ್ಲ ತೆಗೆದಿಡಿ. ಆ ಹಾಳೆಯನ್ನು ಹೆಚ್ಚಾಗಿ ಅವರೇ ವಾಪಸ್ ತಗೊಳ್ಳುತ್ತಾರೆ, ನಿಮ್ಮ ಹತ್ತಿರ ಉಳಿದಿದ್ದರೆ ಅದೃಷ್ಟ.

ಕಾಗದದ ಕೊನೆಯಲ್ಲಿ 'ಬಾಯಿಮಾತಿನಲ್ಲಿ ಹೇಳಿದ ಯಾವುದಕ್ಕೂ ಕಂಪನಿ ಹೊಣೆಯಲ್ಲ' ಅನ್ನುವ ಸಾಲು ನಿಮ್ಮದರಲ್ಲೂ ಇದೆ. ಅದನ್ನು ನೋಡಿ ಹೆದರಬೇಡಿ. ಮೋಸ ನಡೆದಿದೆ ಅಂತ ತೋರಿಸಲು ಬಾಯಿಮಾತಿನ ಸಾಕ್ಷ್ಯಕ್ಕೆ ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ.

ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದ್ದರಿಂದಲೇ ಒಪ್ಪಂದ ಬಿದ್ದುಹೋಗುತ್ತದಾ ಅಂತ ಎಷ್ಟೋ ಜನ ಕೇಳುತ್ತಾರೆ. ಇಲ್ಲ. ಓದದೆ ಸಹಿ ಹಾಕಿದರೂ ಸಹಿ ಸಹಿಯೇ. 1968ರಲ್ಲಿ, ಓದು ಬಾರದ ಹೆಂಗಸೊಬ್ಬರ ದಾನಪತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ವ್ಯತ್ಯಾಸ ಹೇಳಿತ್ತು. ಯಾವ ಬಗೆಯ ದಾಖಲೆ ಅನ್ನುವುದನ್ನೇ ಸುಳ್ಳು ಹೇಳಿ ಸಹಿ ಪಡೆದರೆ ಅದು ಮೊದಲಿನಿಂದಲೇ ಅಸಿಂಧು. ದಾಖಲೆ ಯಾವುದೆಂದು ಗೊತ್ತಿದ್ದು, ಒಳಗಿನ ವಿವರದಲ್ಲಿ ಮಾತ್ರ ಮೋಸ ಆಗಿದ್ದರೆ, ಮೋಸ ಹೋದವರು ರದ್ದು ಮಾಡುವ ತನಕ ಅದು ನಿಲ್ಲುತ್ತದೆ. ನಿಮ್ಮದು ಎರಡನೇ ಬಗೆ. ಮೆಂಬರ್‌ಶಿಪ್ ಅಂತ ಗೊತ್ತಿತ್ತು, ಒಳಗಿನ ಷರತ್ತು ಗೊತ್ತಿರಲಿಲ್ಲ. ಹಾಗಾಗಿ ರದ್ದು ಮಾಡುವ ಕೆಲಸ ನೀವು ಮಾಡಬೇಕು, ಬೇಗ ಮಾಡಬೇಕು.

ಆಡಳಿತ ವೆಚ್ಚದ ಹೆಸರಿನಲ್ಲಿ ಎಷ್ಟು ಹಿಡಿಯಬಹುದು? ನಿಮ್ಮ ಕಾಗದದಲ್ಲಿ ಮೊತ್ತ ಬರೆದಿಲ್ಲ. ಪೂರ್ತಿ 30,000 ಹಿಡಿದುಕೊಂಡರೆ ಒಪ್ಪಬೇಡಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕಾಗದದಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ, ಕಂಪನಿಗೆ ಆದ ನಷ್ಟಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡ ದಂಡ ಹಾಕುವ ಷರತ್ತು ಅನ್ಯಾಯದ ಒಪ್ಪಂದ ಅಂತ ಇದೆ. ನಾಲ್ಕು ದಿನದಲ್ಲಿ, ಒಂದು ಕೋಣೆಯನ್ನೂ ಕೊಡದೆ ಅವರಿಗೆ ಎಷ್ಟು ಖರ್ಚಾಗಿದೆ ಅಂತ ಲೆಕ್ಕ ಕೇಳಿ.

ಈಗ ಕೇಸು ಎಲ್ಲಿ ಅನ್ನುವ ಪ್ರಶ್ನೆ. ಇದರಲ್ಲಿ ನಿಮಗೆ ಒಳ್ಳೆಯ ಸುದ್ದಿ ಇದೆ. ಹಳೆಯ ಗ್ರಾಹಕ ಕಾನೂನಿನಲ್ಲಿ ಎದುರಿನವರು ಇರುವ ಜಾಗ ಅಥವಾ ವ್ಯವಹಾರ ನಡೆದ ಜಾಗ ನೋಡಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆಯಲ್ಲಿ ದೂರುದಾರರು ವಾಸ ಮಾಡುವ ಅಥವಾ ದುಡಿಯುವ ಜಾಗದಲ್ಲೂ ದೂರು ಕೊಡಬಹುದು. ತಲಪಾಡಿ ದಾಟಿ ಮಂಗಳೂರಿನಲ್ಲಿ ಸಹಿ ಹಾಕಿದರೂ, ಕಂಪನಿ ಬೆಂಗಳೂರಿನದ್ದಾದರೂ, ನೀವು ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಆಸ್ಪತ್ರೆ, ಬಟ್ಟೆ, ಬಂಗಾರ, ಮಕ್ಕಳ ಕಾಲೇಜು ಎಲ್ಲದಕ್ಕೂ ಮಂಗಳೂರಿಗೆ ಹೋಗುವ ನಮ್ಮ ಕಡೆಯವರಿಗೆ ಇದು ದೊಡ್ಡ ಉಪಕಾರ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೂ ಇದೇ ನಿಯಮ, ಬೆಂಗಳೂರಿನಲ್ಲೋ ವಿಜಯಪುರದಲ್ಲೋ ಕೊಂಡದ್ದಕ್ಕೆ ತಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಗದದಲ್ಲಿ 'ಬೆಂಗಳೂರಿನ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ' ಅಂತ ಇದೆಯಲ್ಲ, ಕಾನೂನೇ ಕೊಟ್ಟ ಈ ಹಕ್ಕಿನ ಎದುರು ಗ್ರಾಹಕ ಆಯೋಗಗಳು ಅಂಥ ಸಾಲಿಗೆ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಮಧ್ಯಸ್ಥಿಕೆಗೆ ಹೋಗಬೇಕು ಅನ್ನುವ ಷರತ್ತು ಇದ್ದರೂ ಗ್ರಾಹಕರು ಆಯೋಗಕ್ಕೆ ಬರಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ.

ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದ ತನಕ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ವಕೀಲರು ಬೇಕೇ ಬೇಕು ಅಂತ ಇಲ್ಲ, ನೀವೇ ವಾದ ಮಾಡಬಹುದು. ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ವಕೀಲರು ಬೇಕು, ಹಣ ಇಲ್ಲ ಅನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ನೀವೇ ದೂರುದಾರರಾಗಿ ಹೋಗಬಹುದು.

ದೂರು ಬರೆಯುವ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. 'ಈ ಒಪ್ಪಂದವೇ ಅನ್ಯಾಯದ್ದು, ಅಸಿಂಧು ಅಂತ ಘೋಷಿಸಿ' ಅಂತ ಕೇಳಿದರೆ ಅದು ಜಿಲ್ಲಾ ಆಯೋಗದ ಅಧಿಕಾರ ಅಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ನಮಗೆ ಅದು ತಿರುವನಂತಪುರ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳಿಯುವ ದೂರ. 'ಸುಳ್ಳು ಹೇಳಿ ಮಾರಿದ್ದಾರೆ, ಒಪ್ಪಂದದಲ್ಲೇ ಇರುವ ಪ್ರಕಾರ ಹಣ ವಾಪಸ್ ಕೊಟ್ಟಿಲ್ಲ' ಅಂತ ಬರೆದರೆ ಅದು ಅನುಚಿತ ವ್ಯಾಪಾರ ಪದ್ಧತಿ ಮತ್ತು ಸೇವಾ ನ್ಯೂನತೆ, ಕಾಸರಗೋಡಿನಲ್ಲೇ ನಡೆಯುತ್ತದೆ. ನಿಮಗೆ ಬೇಕಾದ್ದು ಹಣ, ಘೋಷಣೆ ಅಲ್ಲ. ಎರಡನೇ ರೀತಿಯಲ್ಲೇ ಬರೆಯಿರಿ.

ಕೇಸಿಗೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ದೂರು ದಾಖಲಿಸಿ ಕಂಪನಿಗೆ ಕಳಿಸುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಆದರೂ ಎಷ್ಟೋ ಕಂಪನಿಗಳು ಅಲ್ಲಿಂದ ದೂರು ಹೋದ ಮೇಲೆ ಹಣ ಬಿಡುತ್ತವೆ. ಕಾರ್ಡಿನ 30,000ಕ್ಕೆ, ಕಂಪನಿ ಕೊಡುವುದಿಲ್ಲ ಅಂತ ಬರೆದು ಕೊಟ್ಟರೆ ಅಥವಾ ಉತ್ತರವೇ ಕೊಡದಿದ್ದರೆ, ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಅರ್ಜಿ ಹಾಕಿ. ಅದಕ್ಕೂ ದಿನದ ಮಿತಿ ಇದೆ, ತಡ ಮಾಡಬೇಡಿ.

ನಿಮ್ಮದಲ್ಲದ, ಆದರೆ ಇದೇ ಬಗೆಯ ಕೆಲವು ವಿಷಯ ಬೇರೆ ಓದುಗರಿಗಾಗಿ ಹೇಳುತ್ತೇನೆ. ಎಲ್ಲದಕ್ಕಿಂತ ಮುಖ್ಯವಾದದ್ದು ವಿಮೆ. ಅಡಿಕೆ ಮಾರಿದ ಹಣವನ್ನು ಎಫ್‌ಡಿ ಇಡಲು ಬ್ಯಾಂಕಿಗೆ ಹೋದ ಹಿರಿಯರು, 'ಇದು ಎಫ್‌ಡಿಗಿಂತ ಒಳ್ಳೇದು' ಅನ್ನುವ ಮಾತು ನಂಬಿ ಹತ್ತು ವರ್ಷ ಪ್ರೀಮಿಯಂ ಕಟ್ಟಬೇಕಾದ ಪಾಲಿಸಿ ಹಿಡಿದುಕೊಂಡು ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರಿಗೆ ಕಾನೂನಿನ ರಕ್ಷಣೆ ಇದೆ. ಜೀವ ವಿಮೆ, ಆರೋಗ್ಯ ವಿಮೆಗಳಲ್ಲಿ ಪಾಲಿಸಿ ಕೈಗೆ ಸಿಕ್ಕ ದಿನದಿಂದ 30 ದಿನ ಫ್ರೀ ಲುಕ್, ಅಂದರೆ ಓದಿ ನೋಡಿ ಬೇಡ ಅನ್ನುವ ಅವಧಿ ಇದೆ. ಹಿಂದೆ ಸಾಮಾನ್ಯವಾಗಿ 15 ದಿನ ಇತ್ತು, 2024ರ ನಿಯಮದಲ್ಲಿ 30 ಆಯಿತು. ಅಷ್ಟರೊಳಗೆ ಬರೆದು ಕೊಟ್ಟರೆ, ಅಷ್ಟು ದಿನದ ವಿಮಾ ರಕ್ಷಣೆಯ ಪಾಲು, ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ ಇಷ್ಟು ಕಳೆದು ಉಳಿದದ್ದು ವಾಪಸ್ ಬರುತ್ತದೆ. ಸಹಿ ಹಾಕಿದ ದಿನದಿಂದ ಅಲ್ಲ, ಪಾಲಿಸಿ ಕೈ ಸೇರಿದ ದಿನದಿಂದ. ಆದ್ದರಿಂದ ಕವರ್, ಇಮೇಲ್ ಬಂದ ತಾರೀಕು ಎಲ್ಲ ಇಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಬಂದ ವಿಮೆ ಕವರನ್ನು ಬೀರುವಿಗೆ ಹಾಕಲು ಬಿಡಬೇಡಿ, ಅವತ್ತೇ ಬಿಚ್ಚಿ ಎಷ್ಟು ವರ್ಷ ಕಟ್ಟಬೇಕು ಅಂತ ನೋಡಿ.

ಅಂಗಡಿ ವಸ್ತುವಿನಲ್ಲಿ ಮನಸ್ಸು ಬದಲಾಯಿತು ಅನ್ನುವುದು ಕಾರಣ ಆಗುವುದಿಲ್ಲ, ಅಂಗಡಿಯವರು ಒಪ್ಪಿದರೆ ಮಾತ್ರ. ದೋಷ ಇದ್ದರೆ ಬೇರೆ ಮಾತು. ಬಿಲ್‌ನಲ್ಲಿ ಅವಧಿ ಬರೆದಿದ್ದರೆ ಅಷ್ಟು ದಿನ, ಬರೆದಿಲ್ಲದಿದ್ದರೆ 30 ದಿನದೊಳಗೆ ಅಂಗಡಿಯವರು ಅದನ್ನು ವಾಪಸ್ ತಗೊಂಡು ಹಣ ಕೊಡಬೇಕು, ಇಲ್ಲ ಅಂದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಆನ್‌ಲೈನ್ ಮಾರಾಟದವರು ತಾವು ರದ್ದು ಮಾಡಿದಾಗ ಅಂಥದೇ ಶುಲ್ಕ ಹೊರುವುದಿಲ್ಲವಾದರೆ ನಿಮ್ಮ ಮೇಲೂ ರದ್ದತಿ ಶುಲ್ಕ ಹಾಕುವಂತಿಲ್ಲ. ಕೋಚಿಂಗ್ ಸೆಂಟರ್ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸು 10 ದಿನದಲ್ಲಿ ವಾಪಸ್ ಕೊಡಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದು ಮಾರ್ಗಸೂಚಿ ಮಾತ್ರ, ಆದರೂ ಪತ್ರದಲ್ಲಿ ಬರೆಯಿರಿ.

ಮಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡುವ ಕಾಸರಗೋಡಿನವರು, ಗಲ್ಫಿನಲ್ಲಿ ಇರುವವರು ಒಂದು ಗಮನಿಸಬೇಕು. ರೇರಾ, ಅಂದರೆ ಕಟ್ಟಡ ಯೋಜನೆಗಳ ನಿಯಂತ್ರಣ ಪ್ರಾಧಿಕಾರಕ್ಕೆ ಕೊಡುವ ದೂರಿಗೆ ನಿಮ್ಮ ಮನೆ ಎಲ್ಲಿ ಅನ್ನುವುದು ಲೆಕ್ಕಕ್ಕಿಲ್ಲ, ಕಟ್ಟಡ ಇರುವ ರಾಜ್ಯದ ರೇರಾಕ್ಕೇ ಹೋಗಬೇಕು, ಅಂದರೆ ಕರ್ನಾಟಕದ್ದು. ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ 10 ಶೇಕಡಕ್ಕಿಂತ ಜಾಸ್ತಿ ಹಣ ಕೇಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಿ ಹೊರಗೆ ಬರಬಹುದು. ಬಿಲ್ಡರ್ ಬರೆದ ಏಕಪಕ್ಷೀಯ ಷರತ್ತಿಗೆ ಬೇರೆ ದಾರಿ ಇಲ್ಲದೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕ ಅದಕ್ಕೆ ಕಟ್ಟುಬೀಳುವುದಿಲ್ಲ ಅಂತ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಫ್ಲಾಟಿನ ಪ್ರಕರಣ, ಆದರೆ ನಿಮ್ಮ ದೂರಿನಲ್ಲೂ ಅದನ್ನು ಎತ್ತಬಹುದು.

ಕೊನೆಗೆ, ನೀವು ಕೇಳದಿದ್ದರೂ ನಿಮ್ಮ ಪ್ರಶ್ನೆಯಲ್ಲಿ ಕಾಣುವ ಭಯದ ಬಗ್ಗೆ. ಪತ್ರ ಕಳಿಸಿದರೆ ಅವರು ನಮ್ಮ ಮೇಲೇ ಕೇಸು ಹಾಕುತ್ತಾರಾ? ಕಂಪನಿಯೇ ಕೊಟ್ಟ 10 ದಿನದೊಳಗೆ ರದ್ದು ಮಾಡಿದರೆ ನೀವು ಒಪ್ಪಂದ ಮುರಿದಂತೆ ಆಗುವುದಿಲ್ಲ, ಒಪ್ಪಂದದ ಪ್ರಕಾರವೇ ನಡೆದಂತೆ. ಲೀಗಲ್ ಟೀಮ್‌ನಿಂದ ಅಂತ ಫೋನ್ ಬರಬಹುದು, ಪೊಲೀಸ್ ಅನ್ನುವ ಮಾತೂ ಬರಬಹುದು. ಮೆಂಬರ್‌ಶಿಪ್ ರದ್ದು ಮಾಡುವುದು ಅಪರಾಧ ಅಲ್ಲ. ಅಂಥ ಕರೆ ಬಂದರೆ ನಂಬರ್, ಸಮಯ ಬರೆದಿಟ್ಟುಕೊಂಡು ಫೋನ್ ಇಡಿ. ಸ್ಪೀಡ್ ಪೋಸ್ಟಿನ ರಸೀದಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟದ ಫೋಟೋ, ಇಮೇಲ್ ಪ್ರತಿ, ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ. ಮುಂದಿನ ಬುಧವಾರಕ್ಕೆ ಹತ್ತನೇ ದಿನ. ಅಷ್ಟರಲ್ಲಿ ಪತ್ರ ಅವರಿಗೆ ತಲುಪಿದೆಯಾ ಅಂತ ಮಂಗಳವಾರವೇ ನೋಡಿ, ತಲುಪಿಲ್ಲದಿದ್ದರೆ ಮಂಗಳೂರಿನ ಶಾಖೆಗೆ ಯಜಮಾನರೇ ಹೋಗಿ ಇನ್ನೊಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡು ಬರಲಿ.